ಕಾಗೆಗೆ ಬೆನ್ನು ಹಾಕಿ ನಿಂತವರು

ಒಂದು ಊಹೆ ಮಾಡಿ ನೋಡೋಣ. ಹಕ್ಕಿ ನೋಡುವುದಕ್ಕೆಂದೇ ರಜೆ ಹಾಕಿ, ವ್ಯಾನ್ ಬುಕ್ ಮಾಡಿ, ಕೊರಳಿಗೆ ದುರ್ಬೀನು ನೇತುಹಾಕಿಕೊಂಡು ಸಿಡ್ನಿಯಿಂದ ಮೆಲ್ಬರ್ನಿನವರೆಗೆ ಬಂದ ಒಂದು ಗುಂಪು, ಕೊನೆಯ ದಿನ, ಹಕ್ಕಿ ಕಣ್ಣೆದುರಿಗೇ ಕೂತಿರುವಾಗ, ಸಾಲಾಗಿ ನಿಂತು ಅದಕ್ಕೆ ಬೆನ್ನು ತಿರುಗಿಸಿತು. ಯಾಕೆ?

ಹೊಳೆಯಲಿಲ್ಲವೇ? ಹೊಳೆಯುವುದಿಲ್ಲ ಬಿಡಿ. ನಾನು ಆ ಸಾಲಿನಲ್ಲೇ ನಿಂತಿದ್ದೆ, ನನಗೂ ನಂಬಿಕೆ ಬರುತ್ತಿರಲಿಲ್ಲ. ನಾರ್ತ್ ಸಿಡ್ನಿಯ ಆಫೀಸಿನಲ್ಲಿ ಸೇತುವೆಗಳ ಭಾರ ಲೆಕ್ಕ ಹಾಕುತ್ತಿದ್ದ ಕಾಲದಲ್ಲಿ ನನಗೆ ಇಂಥದ್ದೊಂದೂ ಆಗಲಿಲ್ಲ. ನಿವೃತ್ತನಾಗಿ ಮೆಲ್ಬರ್ನಿನ ಪಾಯಿಂಟ್ ಕುಕ್‌ಗೆ ಬಂದು, ಮನೆ ಹಿಂದಿನ ಜೌಗಿನಲ್ಲಿ ಹಕ್ಕಿ ನೋಡುವ ಚಟ ಹತ್ತಿಸಿಕೊಂಡದ್ದೇ ತಡ, ಒಂದರ ಹಿಂದೊಂದು ಆಗುತ್ತಲೇ ಇವೆ.

ಷರತ್ತು

ಇಲ್ಲಿಯ ವಸಂತದಲ್ಲಿ, ಎಂದರೆ ಸೆಪ್ಟೆಂಬರಿನಲ್ಲಿ, ಒಂದು ವಾರ ಹಳ್ಳಿಗಾಡಿನಲ್ಲಿ ಹಕ್ಕಿ ನೋಡುತ್ತ ಬರೋಣ ಎಂದು ಕನ್ನಡದ ನಾಲ್ಕೈದು ದಂಪತಿಗಳನ್ನು ಒಪ್ಪಿಸಿದ್ದೆ. ದಾರಿ ತೋರಿಸಲು ನಮ್ಮ ಹಕ್ಕಿ ಕೂಟದ ಹಿರಿಯ ಆಸ್ಟ್ರೇಲಿಯನ್ ಹೆಂಗಸೊಬ್ಬರು ಬರುವವರಿದ್ದರು. ಮೊದಲು ಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದವರು. ಅವರಿಗೆ ನಾವು ಇಟ್ಟ ಹೆಸರು ಹಕ್ಕಿ ಮೇಡಂ.

ಎಲ್ಲರೂ ಕುಣಿದುಕೊಂಡು ಒಪ್ಪಿದರು, ಒಬ್ಬರ ಹೊರತು. ಸಿಡ್ನಿಯಲ್ಲಿ ನನ್ನ ಪಕ್ಕದ ಮೇಜಿನಲ್ಲೇ ಕೆಲಸ ಮಾಡಿದ ಗೆಳೆಯರು, ಉಡುಪಿಯವರು. ಫೋನಿನಲ್ಲಿ ರಾಗ ಎಳೆದರು.

"ಬರ್ಲಿಕ್ಕೆ ಮನಸ್ಸುಂಟು ಮಾರಾಯ್ರೆ. ಆದ್ರೆ ಆ ಶನಿವಾರ ಅಪ್ಪನ ಪಕ್ಷದ ತಿಥಿ. ಕಾಗೆಗೆ ಎಡೆ ಇಡ್ಬೇಕು."

"ಅದಕ್ಕೇನು ಸ್ವಾಮಿ, ಹಕ್ಕಿ ನೋಡೋಕೇ ಹೋಗ್ತಿರೋದು. ಒಂದು ಕಾಗೆ ಸಿಗಲ್ವೇ?"

"ನಿಮಗೆ ಗೊತ್ತಿಲ್ಲ. ಎರಡು ವರ್ಷದಿಂದ ಇಡ್ತಾ ಇದ್ದೇನೆ, ಕಾಗೆ ಮುಟ್ಟಲಿಲ್ಲ. ಊರಲ್ಲಿ ಅಮ್ಮ ಊಟ ಬಿಟ್ಟು ಫೋನಿನ ಹತ್ರ ಕೂತಿರ್ತಾರೆ. 'ಮುಟ್ಟಿತಾ?' ಅಂತ ಒಂದೇ ಪ್ರಶ್ನೆ. ಇಲ್ಲ ಅಂದ್ರೆ ಮಾತಿಲ್ಲ, ಫೋನ್ ಇಟ್ಟುಬಿಡ್ತಾರೆ. ಅವರಿಗೆ ಏನಂದ್ರೆ, ಅಪ್ಪನಿಗೆ ಏನೋ ಬೇಸರ ಉಂಟು, ಅದಕ್ಕೇ ಬರುವುದಿಲ್ಲ ಅಂತ. ಈ ವರ್ಷವೂ ಮುಟ್ಟದಿದ್ರೆ ನಾನು ಅಮ್ಮನಿಗೆ ಮುಖ ತೋರಿಸ್ಲಿಕ್ಕಿಲ್ಲ."

"ಎರಡು ವರ್ಷವೂ ಯಾರೂ ಬರಲೇ ಇಲ್ಲವೇ?"

"ಬಂದಿತ್ತಲ್ಲ, ಬಿಳಿ ಕಾಕಟೂ ಗಿಳಿ! ವಡೆ ತಿಂದಿತು, ಬಾಳೆಲೆ ಹರಿದುಹಾಕಿತು, ಆಮೇಲೆ ಕೂತು ನಮ್ಮ ಡೆಕ್ಕಿನ ಮರದ ಹಲಗೆ ಕಡಿಯಿತು. ಅಮ್ಮನಿಗೆ ಎಂತ ಹೇಳಲಿ? ಅಪ್ಪ ಬಂದು ಡೆಕ್ ತಿಂದು ಹೋದ್ರು ಅಂತಲಾ?"

ಶನಿವಾರ ಎಲ್ಲಿದ್ದರೂ ಕಾಗೆ ಹುಡುಕಿಕೊಡುವುದು ನನ್ನ ಜವಾಬ್ದಾರಿ ಎಂದು ಮಾತು ಕೊಟ್ಟೆ. ಹಾಗೆ ಸಿಡ್ನಿಯಿಂದ ಹೊರಟಿತು ನಮ್ಮ ವ್ಯಾನು.

ಕೋಡುಬಳೆ

ಹಕ್ಕಿ ನೋಡುವುದರ ಮೊದಲ ಪಾಠ ಮೌನ. ನಮ್ಮವರಿಗೆ ಅದೊಂದೇ ಕಷ್ಟ. ನದಿ ಬದಿಯ ಒಂದು ಕೆರೆಯ ದಂಡೆಯಲ್ಲಿ ಮರದ ಸಣ್ಣ ಗೂಡು ಕಟ್ಟಿದ್ದರು, ಒಳಗೆ ಕೂತು ಕಿಂಡಿಯಲ್ಲಿ ಇಣುಕುವುದಕ್ಕೆ. ಜೊಂಡಿನಲ್ಲಿ ಅಡಗುವ ಒಂದು ಪುಟ್ಟ ಕೋಳಿಜಾತಿಯ ಹಕ್ಕಿ ಅಲ್ಲಿದೆಯಂತೆ. ಮೇಡಂ ತುಟಿಗೆ ಬೆರಳಿಟ್ಟರು. ಉಸಿರು ಹಿಡಿದು ಕೂತೆವು. ಹತ್ತು ನಿಮಿಷ. ಏನೂ ಇಲ್ಲ.

ಆಗ "ಕಟಕ್" ಎಂದು ಒಂದು ಸದ್ದು.

ಮೇಡಂ ಕಿವಿ ನಿಮಿರಿತು. "ಯಾರೂ ಅಲುಗಬೇಡಿ. ಈ ಸದ್ದು ನಾನು ಇಲ್ಲಿ ಕೇಳಿಯೇ ಇಲ್ಲ!"

ನನ್ನ ಹೆಂಡತಿ ಬಾಯಿಗೆ ಸೆರಗು ಮುಚ್ಚಿಕೊಂಡು ಕೂತಿದ್ದಳು. ನಾನು ಮೆಲ್ಲಗೆ ಕೇಳಿದೆ, "ಏನೇ ಅದು?"

"ಕೋಡುಬಳೆ ಕಣ್ರೀ. ಹಸಿವಾಯ್ತು."

ಮೇಡಂಗೆ ವಿಷಯ ಹೇಳಲೇಬೇಕಾಯಿತು. ಬೈಯುತ್ತಾರೆ ಅಂದುಕೊಂಡರೆ ಅವರು ಕಣ್ಣರಳಿಸಿ, "ಇನ್ನೊಮ್ಮೆ ಕಡಿಯಲು ಹೇಳಿ" ಅಂದರು. ಇವಳು ಕಡಿದಳು. ಜೊಂಡಿನೊಳಗಿಂದ "ಕಟಕ್ ಕಟಕ್" ಎಂದು ಉತ್ತರ ಬಂತು! ಇವಳು ಮತ್ತೆ ಕಡಿದಳು. ಹಕ್ಕಿ ಕತ್ತು ಉದ್ದ ಮಾಡಿಕೊಂಡು, ಯಾರಪ್ಪಾ ಅದು ಎನ್ನುವ ಹಾಗೆ, ಬಯಲಿಗೇ ಬಂದು ನಿಂತಿತು.

ಅಲ್ಲಿಂದ ಮುಂದೆ ಪ್ರತಿ ಕೆರೆಯ ಹತ್ತಿರವೂ ಮೇಡಂ ಗಂಭೀರವಾಗಿ ನನ್ನ ಹೆಂಡತಿಯನ್ನು ಮುಂದೆ ಕೂರಿಸುತ್ತಿದ್ದರು. ಮೂವತ್ತು ವರ್ಷದಿಂದ ಅವಳು ಮಾಡುವ ಕೋಡುಬಳೆ ಗಟ್ಟಿ ಅಂತ ನಾನು ಅನ್ನುತ್ತಿದ್ದೆ. ಈಗ ಅನ್ನುವ ಹಾಗಿಲ್ಲ, ಅದು ವಿಜ್ಞಾನ.

ತಲೆಗೆ ಬಡಿದದ್ದು

ಈ ದೇಶದಲ್ಲಿ ವಸಂತ ಬಂತೆಂದರೆ ಮ್ಯಾಗ್‌ಪೈ ಎಂಬ ಕಪ್ಪುಬಿಳುಪು ಹಕ್ಕಿಗೆ ಮರಿಗಳ ಚಿಂತೆ. ಮರದ ಕೆಳಗೆ ಯಾರು ಹೋದರೂ ಹಿಂದಿನಿಂದ ಹಾರಿಬಂದು ತಲೆಗೆ ಕುಕ್ಕುತ್ತದೆ. ಉಡುಪಿಯವರ ತಲೆ ಬೋಳು, ಬಿಸಿಲಿಗೆ ಥಳಥಳ ಹೊಳೆಯುತ್ತದೆ. ಹತ್ತು ತಲೆಗಳಲ್ಲಿ ಅದು ಆರಿಸಿಕೊಂಡದ್ದು ಅದನ್ನೇ.

ಅವರು ತಲೆ ಹಿಡಿದುಕೊಂಡು ಕೂತುಬಿಟ್ಟರು. ಸಣ್ಣ ಗೀರು, ಅಷ್ಟೇ. ಆದರೆ ಮುಖ ಬಿಳುಚಿತ್ತು.

"ನೋವಾಯ್ತೇ?" ಎಂದರು ಮೇಡಂ.

"ನೋವು ಇರಲಿ ಮೇಡಂ. ಮೊದಲು ಹೇಳಿ, ಇದು ಕಾಗೆಯ ಜಾತಿಯಾ, ಅಲ್ವಾ?"

ಮೇಡಂಗೆ ಪ್ರಶ್ನೆ ಇಷ್ಟವಾಯಿತು. ರೆಕ್ಕೆ, ಕೊಕ್ಕು, ಹಾಡು ಎಂದು ದೊಡ್ಡ ಪಾಠ ಶುರು ಮಾಡಿದರು. ಇವರು ತಡೆದರು. "ಹೌದು ಅಲ್ಲ ಅಷ್ಟು ಹೇಳಿ ಸಾಕು. ಕಾಗೆ ಆದ್ರೆ ಶನಿಶಾಂತಿ ಮಾಡಿಸ್ಬೇಕು. ಅಲ್ಲ ಅಂತಾದ್ರೆ ಬ್ಯಾಂಡ್‌ಏಡ್ ಸಾಕು."

"ಅಲ್ಲ. ಬೇರೆಯೇ ಕುಟುಂಬ."

"ಬ್ಯಾಂಡ್‌ಏಡ್ ಕೊಡಿ!" ಎಂದು ನಗುತ್ತ ಎದ್ದರು.

ಟೋಪಿಯ ಹಿಂಭಾಗಕ್ಕೆ ಎರಡು ಕಣ್ಣು ಬರೆದರೆ ಮ್ಯಾಗ್‌ಪೈ ಹತ್ತಿರ ಬರುವುದಿಲ್ಲ ಎಂದು ಮೇಡಂ ಉಪಾಯ ಹೇಳಿದರು. ಉಡುಪಿಯವರ ಹೆಂಡತಿ ಯಕ್ಷಗಾನದ ಊರಿನವರು. ಎರಡು ಚುಕ್ಕೆ ಇಟ್ಟು ಬಿಡುವ ಜನವೇ? ಕಾಡಿಗೆ, ಕುಂಕುಮ, ಲಿಪ್‌ಸ್ಟಿಕ್ ಎಲ್ಲ ತೆಗೆದು ಗಂಡನ ಟೋಪಿಗೆ ರಾಕ್ಷಸವೇಷದ ಕಣ್ಣನ್ನೇ ಬರೆದರು, ಹುಬ್ಬು ಕೋರೆಹಲ್ಲು ಸಮೇತ. ಆಮೇಲೆ ಮ್ಯಾಗ್‌ಪೈ ಬರಲಿಲ್ಲ, ನಿಜ. ಪೆಟ್ರೋಲ್ ಬಂಕಿನ ಕ್ಯೂನಲ್ಲಿ ಉಡುಪಿಯವರ ಹಿಂದೆ ನಿಲ್ಲುವುದಕ್ಕೂ ಯಾರೂ ಬರಲಿಲ್ಲ.

ಸ್ವರ್ಗ

ಮೇಡಂ ವಾರವಿಡೀ ಒಂದೇ ಮಾತು ಹೇಳುತ್ತಿದ್ದರು: "ಶನಿವಾರ ನಿಮ್ಮನ್ನು ಹಕ್ಕಿಗಳ ಸ್ವರ್ಗಕ್ಕೆ ಕರೆದುಕೊಂಡು ಹೋಗುತ್ತೇನೆ. ಲೋಕದ ಮೂಲೆಮೂಲೆಯಿಂದ ಜನ ಬರುತ್ತಾರೆ. ಪರ್ಮಿಟ್ ಇಲ್ಲದೆ ಒಳಗೆ ಬಿಡುವುದಿಲ್ಲ."

ಉಡುಪಿಯವರು ಹಿಗ್ಗಿದರು. "ಅಪ್ಪನ ತಿಥಿಗೆ ಸ್ವರ್ಗವೇ ಸಿಕ್ಕಿತಲ್ಲ!" ಅವರ ಹೆಂಡತಿ ಹಿಂದಿನ ದಿನವೇ ವಿಯೆಟ್ನಾಂನವರ ಅಂಗಡಿಯಿಂದ ಬಾಳೆಲೆ ತಂದಿದ್ದರು. ಶನಿವಾರ ಬೆಳಿಗ್ಗೆ ನಮ್ಮ ಮನೆಯಲ್ಲೇ ಇವರ ಸ್ನಾನ, ಎಳ್ಳುನೀರಿನ ತರ್ಪಣ. ಅಡುಗೆಮನೆಯಲ್ಲಿ ವಡೆ, ಪಾಯಸ, ಹಾಗಲಕಾಯಿ ಪಲ್ಯ, ಎಲ್ಲ ಮಡಿಯಲ್ಲಿ. ಡಬ್ಬಿಗಳನ್ನು ತೊಡೆಯ ಮೇಲಿಟ್ಟುಕೊಂಡು ವ್ಯಾನ್ ಹತ್ತಿದರು.

ಪಾಯಿಂಟ್ ಕುಕ್‌ನಿಂದ ಸ್ವಲ್ಪ ದೂರ, ವೆರಿಬೀ ಎಂಬ ಊರು ದಾಟಿ, ಒಂದು ಕಬ್ಬಿಣದ ಗೇಟು. ಮೇಡಂ ಬೀಗ ತೆಗೆದರು. ಎಲ್ಲಿ ನೋಡಿದರೂ ನೀರಿನ ಹೊಂಡಗಳು, ಸಾವಿರಾರು ಬಾತು, ಕೊಕ್ಕರೆ, ಹಂಸ. ನನ್ನ ಹೆಂಡತಿ ಕಿಟಕಿ ಇಳಿಸಿದಳು, ತಕ್ಷಣ ಏರಿಸಿದಳು.

"ಏನ್ರೀ ವಾಸನೆ?"

ಮೇಡಂ ಹೆಮ್ಮೆಯಿಂದ ಹೇಳಿದರು. "ಅರ್ಧ ಮೆಲ್ಬರ್ನಿನ ಶೌಚದ ನೀರು ಇಲ್ಲಿಗೇ ಬರುವುದು. ಹಕ್ಕಿಗಳಿಗೆ ಹಬ್ಬ!"

ಉಡುಪಿಯವರ ಹೆಂಡತಿ ಡಬ್ಬಿಗಳನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದರು, ನೆರೆ ಬಂದವರ ಹಾಗೆ. ಮೈಲಿಗೆ ಕೆಳಗಿನಿಂದ ಏರಿಬರುತ್ತದೆ ಎಂದೋ ಏನೋ.

ಉಡುಪಿಯವರು ನನ್ನ ಕಡೆ ತಿರುಗಿದರು. "ನಿಮ್ಮ ಸ್ವರ್ಗಕ್ಕೆ ಕಕ್ಕಸಿನ ಬಾಗಿಲಿಂದ ಒಳಗೆ ಹೋಗುವುದಾ ಮಾರಾಯ್ರೆ?"

ಎಡೆ

ಗೇಟಿನ ಹೊರಗೆ ಸಮುದ್ರದ ದಂಡೆ ಇತ್ತು. ಸ್ವಚ್ಛ ಗಾಳಿ, ಹುಲ್ಲು, ಮರದ ಬೇಲಿ. ಎಲ್ಲರೂ ಅಲ್ಲಿಗೆ ಓಡಿದೆವು. ಬಾಳೆಲೆ ಹಾಸುವಷ್ಟರಲ್ಲಿ ಮೇಡಂ ಬಂದು ಸೊಂಟಕ್ಕೆ ಕೈಯಿಟ್ಟರು. "ಹಕ್ಕಿಗಳಿಗೆ ತಿಂಡಿ ಹಾಕುವಂತಿಲ್ಲ. ಇದೊಂದು ವಿಷಯದಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ."

ಉಡುಪಿಯವರು ಕೈಮುಗಿದರು. "ನಾನು ಹಕ್ಕಿಗೆ ಹಾಕುವುದಲ್ಲ ಮೇಡಂ. ಅಪ್ಪನಿಗೆ ಬಡಿಸುವುದು." ಎಂದು ತಿಥಿ, ಕಾಗೆ, ಊರಲ್ಲಿ ಫೋನಿನ ಹತ್ತಿರ ಕೂತಿರುವ ಅಮ್ಮ, ಎಲ್ಲ ಹೇಳಿದರು.

ಮೇಡಂ ಸೊಂಟದಿಂದ ಕೈ ತೆಗೆದರು. "ಅಪ್ಪ ಎಷ್ಟು ಜನ?"

"ಒಬ್ಬರೇ."

"ಹಾಗಾದರೆ ಒಂದೇ ಎಲೆ."

ಬಡಿಸಿದ್ದೇ ತಡ, ಎಲ್ಲಿದ್ದವೋ, ಕಡಲಹಕ್ಕಿಗಳ ದಂಡೇ ಇಳಿಯಿತು. ವಾರವಿಡೀ ಹಕ್ಕಿ ಹಕ್ಕಿ ಎಂದು ಜಪ ಮಾಡಿದ ನಾವು ಟೋಪಿ, ಟವೆಲ್, ಟ್ರೈಪಾಡು ಹಿಡಿದು "ಹುಶ್ ಹುಶ್" ಎಂದು ಓಡಿಸತೊಡಗಿದೆವು. ಎಲ್ಲ ತೆರವಾದ ಮೇಲೆ ಬೇಲಿಯ ಗೂಟದ ಮೇಲೆ ಒಂದು ಕರಿಹಕ್ಕಿ ಬಂದು ಕೂತಿತು.

"ಕಾಗೆ!" ಎಂದೆ ನಾನು.

"ಅಲ್ಲ," ಎಂದರು ಮೇಡಂ. "ರೇವನ್. ಕಾಗೆಯ ನೆಂಟ. ಕಣ್ಣು ನೋಡಿ, ನಿಮ್ಮೂರ ಕಾಗೆಯ ಹಾಗೆ ಕಪ್ಪಲ್ಲ, ಬಿಳಿ. ಈ ಭಾಗದಲ್ಲಿ ನೀವು ಕಾಗೆ ಅನ್ನುವುದೆಲ್ಲ ರೇವನ್ನೇ."

ಉಡುಪಿಯವರ ಮುಖ ಇಳಿದುಹೋಯಿತು. ನಾನು ಮಾತು ಕೊಟ್ಟವನು ನೋಡಿ, ವಾದಕ್ಕೆ ನಿಂತೆ. "ನಮ್ಮೂರಲ್ಲೂ ಊರುಕಾಗೆ, ಕಾಡುಕಾಗೆ ಅಂತ ಎರಡಿಲ್ಲವೇ? ಯಾವುದು ತಿಂದರೂ ನಡೆಯಲ್ವೇ?"

"ನನಗೆ ನಡೀತದೆ. ಅಮ್ಮ ಒಪ್ಪಬೇಕಲ್ಲ!"

"ಮೊದಲು ಅದು ಬರಲಿ ಸ್ವಾಮಿ."

ಅದು ಬರಲಿಲ್ಲ. ಗೂಟದ ಮೇಲೆ ಕೂತು ಎಲೆಯನ್ನೊಮ್ಮೆ, ನಮ್ಮನ್ನೊಮ್ಮೆ ನೋಡಿತು. ಕಾಗೆ ತಡಮಾಡಿದರೆ ಹೋದವರಿಗೆ ಏನೋ ಆಸೆ ಉಳಿದಿದೆ ಎಂದು ಲೆಕ್ಕ. ಅದು ಯಾವುದೆಂದು ಊಹಿಸಿ ಗಟ್ಟಿಯಾಗಿ ಮಾತು ಕೊಡಬೇಕು. ಉಡುಪಿಯವರು ಶುರು ಮಾಡಿದರು.

"ಅಪ್ಪಾ, ತಂಗಿಯ ಗಂಡನ ಹತ್ರ ಮಾತು ಬಿಟ್ಟದ್ದು ತಪ್ಪು. ನಾಳೆಯೇ ಫೋನ್ ಮಾಡ್ತೇನೆ."

ಹಕ್ಕಿ ಅಲುಗಲಿಲ್ಲ.

"ಮಗನಿಗೆ ತುಳು ಕಲಿಸ್ತೇನೆ. ಅವ ಇಂಗ್ಲಿಷಲ್ಲಿ ಉತ್ತರ ಕೊಟ್ರೂ ಬಿಡುವುದಿಲ್ಲ."

ಹಕ್ಕಿ ರೆಕ್ಕೆ ಕೆರೆದುಕೊಂಡಿತು.

ಹೆಂಡತಿ ಮುಂದೆ ಬಂದರು. "ಮಾವಾ, ಇವರು ಇನ್ನು ಮೇಲೆ ಟಿವಿ ಮುಂದೆ ಕೂತು ಚೀಸ್ ತಿನ್ನುವುದಿಲ್ಲ."

"ಏ, ಅದನ್ನು ಅಪ್ಪ ಯಾವಾಗ ಕೇಳಿದ್ರು?"

"ನಾನು ಕೇಳಿದ್ದೆ."

ನನ್ನ ಹೆಂಡತಿ ನನ್ನ ಪಕ್ಕೆಗೆ ತಿವಿದಳು. "ಒಳ್ಳೇ ಸಮಯ. ನೀವೂ ಗ್ಯಾರೇಜ್ ಕ್ಲೀನ್ ಮಾಡ್ತೀನಿ ಅಂತ ಹೇಳ್ಬಿಡಿ."

ಮೇಡಂ ಮೆಲ್ಲಗೆ ಕೇಳಿದರು. "ನಿಮ್ಮ ತಂದೆ ಊಟಕ್ಕೆ ಕೂತಾಗ ಇಷ್ಟು ಜನ ದುರ್ಬೀನು ಹಿಡಿದು ಬಾಯಿ ನೋಡುತ್ತಿದ್ದರೆ ಉಣ್ಣುತ್ತಿದ್ದರೇ?"

ಉಡುಪಿಯವರು ಬೆಚ್ಚಿದರು. "ಇಲ್ಲವೇ ಇಲ್ಲ! ಅಪ್ಪನಿಗೆ ಯಾರಾದ್ರೂ ನೋಡಿದ್ರೆ ಗಂಟಲಲ್ಲಿ ಇಳೀತಿರಲಿಲ್ಲ."

"ಹಾಗಾದರೆ ತಿರುಗಿ."

ತಿರುಗಿದೆವು. ದುರ್ಬೀನು ಎದೆಯ ಮೇಲೆ, ಮುಖ ಸಮುದ್ರದ ಕಡೆ, ಬೆನ್ನು ಹಕ್ಕಿಯ ಕಡೆ. ದೂರದಲ್ಲಿ ನಾಯಿ ಅಡ್ಡಾಡಿಸುತ್ತಿದ್ದ ಒಬ್ಬ ಮನುಷ್ಯ ನಿಂತು, ನಮ್ಮನ್ನು ನೋಡಿ, ನಾವು ನೋಡುತ್ತಿದ್ದ ಖಾಲಿ ಸಮುದ್ರವನ್ನು ನೋಡಿ, ನಾಯಿಯನ್ನು ಬೇಗಬೇಗ ಎಳೆದುಕೊಂಡು ಹೋದ. ಹಿಂದೆ ರೆಕ್ಕೆ ಬಡಿದ ಸದ್ದಾಯಿತು. ಎಲೆ ಸರಕ್ ಅಂದಿತು. ಯಾರೂ ತಿರುಗಲಿಲ್ಲ.

ಸದ್ದು ನಿಂತ ಮೇಲೆ ನೋಡಿದರೆ ಎಲೆಯ ಮೇಲೆ ವಡೆ ಇಲ್ಲ, ಪಾಯಸ ಇಲ್ಲ. ಕುಣಿಯಬೇಕೆನ್ನಿಸಿತು. ಅಷ್ಟರಲ್ಲಿ ಉಡುಪಿಯವರು ಕೇಳಿದರು, "ತಿಂದದ್ದು ಅದೇ ಅಂತ ಎಂತ ಗ್ಯಾರಂಟಿ? ಯಾರು ನೋಡಿದ್ದು?"

ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹಕ್ಕಿ ನೋಡಲು ಬಂದ ಗುಂಪಿನಲ್ಲಿ ನೋಡಿದವರೇ ಇಲ್ಲ!

"ನಾನು ನೋಡಿದೆ," ಎಂದರು ಮೇಡಂ, ಕೆಂಪಾಗಿ. "ಕ್ಷಮಿಸಿ. ನಲವತ್ತು ವರ್ಷದ ಅಭ್ಯಾಸ. ಹೆಗಲ ಮೇಲಿಂದ ಇಣುಕಿದೆ."

ಕೂಡಲೇ ಉಡುಪಿಗೆ ಫೋನು. ಮೊದಲ ರಿಂಗಿಗೇ ಎತ್ತಿದರು ತಾಯಿ. ತಾಯಿ ಮಗನದು ತುಳು, ಅವರ ಹೆಂಡತಿ ನಮಗೆ ಕನ್ನಡದಲ್ಲಿ ಹೇಳುತ್ತಿದ್ದರು.

"'ಕಾಗೆ ಮುಟ್ಟಿತಾ?' ಅಂತಾರೆ. ಇವರು 'ಹಕ್ಕಿ ಮುಟ್ಟಿತು, ಆದ್ರೆ ಇಲ್ಲಿಯವರು ಅದಕ್ಕೆ ಕಾಗೆ ಅನ್ನುವುದಿಲ್ಲ' ಅಂದ್ರು."

ಅಮ್ಮ ಇಟ್ಟೇಬಿಟ್ಟರೇನೋ ಎಂದು ಉಡುಪಿಯವರು ಫೋನನ್ನು ಕಿವಿಯಿಂದ ತೆಗೆದು ನೋಡಿದರು. ಕೊನೆಗೆ ಆ ಕಡೆಯಿಂದ ಒಂದು ಪ್ರಶ್ನೆ ಬಂತು.

"'ಹೇಗೆ ತಿಂದಿತು, ಕೇಳು' ಅಂತಾರೆ."

ನಾನು ಪ್ರಶ್ನೆಯನ್ನು ಇಂಗ್ಲಿಷಿಗೆ ದಾಟಿಸಿದೆ. ಮೇಡಂ ಸಾಕ್ಷಿ ನುಡಿಯುವವರ ಹಾಗೆ ನೆಟ್ಟಗೆ ನಿಂತರು. "ಮೊದಲು ಸಿಹಿಗೆ ಕೊಕ್ಕು ಹಾಕಿತು. ಆಮೇಲೆ ಒಂದು ವಡೆ ತೆಗೆದುಕೊಂಡು ಹೋಗಿ ಹುಲ್ಲಿನಲ್ಲಿ ಬಚ್ಚಿಟ್ಟಿತು. ಏನೂ ತೆಗೆದುಕೊಳ್ಳದವರ ಹಾಗೆ ವಾಪಸ್ ಬಂದು ಇನ್ನೊಂದು ವಡೆ ತಿಂದಿತು. ಅದು ಹಸಿರು ಪಲ್ಯ ಇತ್ತಲ್ಲ, ಅದನ್ನು ಒಂದು ಚೂರು ಎತ್ತಿ, ತಲೆ ಒದರಿ, ಎಲೆಯಿಂದ ಆಚೆ ಎಸೆಯಿತು."

ಮಗ ಒಂದೊಂದಾಗಿ ತುಳುವಿನಲ್ಲಿ ಒಪ್ಪಿಸಿದರು. ಹಾಗಲಕಾಯಿಯ ಮಾತು ಬರುತ್ತಲೂ ಫೋನಿನಿಂದ ಒಂದು ನಗು ಹೊರಟಿತು ನೋಡಿ, ಸ್ಪೀಕರ್ ಬೇಕಾಗಲಿಲ್ಲ, ಎಲ್ಲರಿಗೂ ಕೇಳಿತು. ಅದಕ್ಕೆ ಅನುವಾದವೂ ಬೇಕಿರಲಿಲ್ಲ. ಆದರೂ ಸೊಸೆ ಕಣ್ಣೊರೆಸಿಕೊಳ್ಳುತ್ತ ಹೇಳಿದರು.

"'ಹಾಗಲಕಾಯಿ ಆಚೆ ಎಸೆದಿತಾ? ವಡೆ ಬಚ್ಚಿಟ್ಟಿತಾ? ಹಾಗಾದ್ರೆ ಇವರೇ! ಹೆಸರು ಎಂತ ಬೇಕಾದ್ರೂ ಇಟ್ಟುಕೊಳ್ಳಲಿ, ನನಗೆ ಇವರ ಗುರುತು ಸಿಗುವುದಿಲ್ವಾ? ಇನ್ನು ನಾನು ಕಾಫಿ ಕುಡೀತೇನೆ' ಅಂತಾರೆ ಅತ್ತೆ."

ಮೇಡಂಗೆ ಅರ್ಥ ಮಾಡಿಸಿದೆ. ಅವರು ಟೋಪಿ ತೆಗೆದರು. "ಸಮುದ್ರದಾಚೆ ಕೂತು, ದುರ್ಬೀನಿಲ್ಲದೆ, ನಡತೆಯೊಂದರಿಂದಲೇ ಗುರುತು ಹಿಡಿದವರನ್ನು ನಾನು ಕಂಡಿಲ್ಲ. ಆಕೆ ಹೇಳಿದ ಮೇಲೆ ಮುಗಿಯಿತು."

ಅವತ್ತು ಸೆಪ್ಟೆಂಬರ್ ಇಪ್ಪತ್ತೊಂಬತ್ತು, ಎರಡು ಸಾವಿರದ ಏಳನೆಯ ಇಸವಿ, ಭಾದ್ರಪದ ಬಹುಳ ತದಿಗೆ, ಶನಿವಾರ.