ಅರ್ಧ ಮಾತಿನ ಅಧ್ಯಕ್ಷರು

ನಮ್ಮ ಸೋದರಮಾವ ತಮ್ಮ ಜೀವಮಾನದಲ್ಲಿ ಯಾರ ಮಾತನ್ನೂ ಪೂರ್ತಿ ಕೇಳಿಸಿಕೊಂಡವರಲ್ಲ. ಅದೊಂದೇ ಅರ್ಹತೆಯ ಮೇಲೆ ಅವರು ಎಂಎಲ್‌ಎ ಆದರು, ಆಮೇಲೆ ತಮ್ಮ ಪಕ್ಷದ ರಾಜ್ಯಾಧ್ಯಕ್ಷರೂ ಆದರು ಅಂದರೆ ನೀವು ನಂಬಲಿಕ್ಕಿಲ್ಲ. ರಾಜಕಾರಣಿಗಳು ಯಾರ ಮಾತು ತಾನೇ ಕೇಳುತ್ತಾರೆ, ಅದರಲ್ಲೇನು ವಿಶೇಷ ಅನ್ನುತ್ತೀರಾ? ತಾಳಿ ಸ್ವಾಮಿ! ಅವರೆಲ್ಲ ಪೂರ್ತಿ ಕೇಳಿಸಿಕೊಂಡು ಆಮೇಲೆ ಮರೆಯುವವರು. ನಮ್ಮ ಮಾವ ಅರ್ಧ ಕೇಳಿ, ಉಳಿದರ್ಧವನ್ನು ತಾವೇ ಊಹಿಸಿ, ಆ ಊಹೆಯನ್ನು ಕಾರ್ಯರೂಪಕ್ಕೂ ತಂದುಬಿಡುವವರು.

ತಿಂಗಳು ತುಂಬುವ ಮೊದಲೇ ಹುಟ್ಟಿದ ಜೀವ ಅದು. "ಹೊಟ್ಟೇಲೇ ಅವನಿಗೆ ಕಾಯಾಕೆ ಆಗ್ಲಿಲ್ಲ ಕಣೇ" ಅಂತ ಅಜ್ಜಿ ಹೇಳುತ್ತಿದ್ದಳು. ಶೆಟ್ಟಿಕೆರೆ ಪಕ್ಕದ ಅವರ ತೋಟದಲ್ಲಿ ಕಾಯಿ ಕೆಡವುವವನು ಮರದ ತುದಿ ಮುಟ್ಟಿ ಸೊಂಟದ ಕತ್ತಿ ಎಳೆಯುವುದರೊಳಗೆ ಮಾವ ಕೆಳಗಿನಿಂದ ಕೂಗುತ್ತಿದ್ದರು: "ಆಯ್ತಲ್ಲ, ಇಳೀಲಾ, ಮುಂದಿನ ಮರಕ್ಕೋಗು!"

ಅವರು ಮದುವೆಯಾದದ್ದೂ ಅರ್ಧ ಮಾತಿನಲ್ಲೇ. ತುರುವೇಕೆರೆಗೆ ಹೆಣ್ಣು ನೋಡಲು ಹೋಗಿದ್ದರು. ಹುಡುಗಿ ಇನ್ನೂ ಒಳಗೇ ಇದ್ದಾಳೆ. ಅವಳ ಅಪ್ಪ ಲೋಟ ಮುಂದಿಟ್ಟು, "ತಮಗೆ ಒಪ್ಪಿಗೆನೋ…" ಅಂದರು. ಮಾವ ಎದ್ದು ನಿಂತು, "ಒಪ್ಪಿಗೆ!" ಅಂದುಬಿಟ್ಟರು. ಹಿರಿಯರು ತಾಂಬೂಲಕ್ಕೆ ಕೈ ಹಾಕಿಯೂ ಆಯಿತು. ಈ ಕಥೆ ಬಂದಾಗಲೆಲ್ಲ ಅತ್ತೆ ಇವತ್ತಿಗೂ ಹಣೆ ಚಚ್ಚಿಕೊಳ್ಳುತ್ತಾರೆ. "ನಮ್ಮಪ್ಪ ಕೇಳಕ್ಕೋಗಿದ್ದು ಬೆಲ್ಲದ ಕಾಫಿ ಒಪ್ಪಿಗೆನೋ ಇಲ್ವೋ ಅಂತ ಕಣೇ! ಇವ್ರು ನನ್ನ ಒಪ್ಕೊಂಡ್ರು!"

"ಕಾಫೀನೂ ಚೆನ್ನಾಗಿತ್ತು ಬುಡು" ಅನ್ನುತ್ತಾರೆ ಮಾವ.

ಚುನಾವಣೆಗೆ ನಿಂತದ್ದೂ ಹೀಗೆಯೇ. ಪಕ್ಷದ ಸಭೆಯಲ್ಲಿ ಜಿಲ್ಲೆಯ ಹಿರಿಯ ನಾಯಕರೊಬ್ಬರು, "ಈ ಸಲ ನಮ್ಮ ಕ್ಷೇತ್ರದಲ್ಲಿ ನಿಲ್ಲೋದಕ್ಕೆ…" ಅಂತ ಶುರುಮಾಡಿದರು. ಹಿಂದಿನ ಸಾಲಿನಿಂದ ಮಾವ, "ನಾನ್ ನಿಲ್ತೀನಿ!" ಅಂದರು. ಜನ ಚಪ್ಪಾಳೆ ಹೊಡೆದರು. ಯಾರೋ ಹಾರವನ್ನೂ ಹಾಕಿದರು. ಪಾಪ, ಆ ಹಿರಿಯರು ಹೇಳಹೊರಟಿದ್ದು, ನಿಲ್ಲೋದಕ್ಕೆ ಯಾರೂ ಹೋಗಬೇಡಿ, ಹೇಗೂ ಸೋಲುವ ಸೀಟು ಅಂತ!

ಪ್ರಚಾರಕ್ಕೆ ಜುಬ್ಬಾ ಬೇಕಲ್ಲ? ತಿಪಟೂರಿನಲ್ಲಿ ನಮ್ಮ ಮನೆಯವರಿಗೆಲ್ಲ ಬಟ್ಟೆ ಹೊಲಿಯುತ್ತಿದ್ದವರು ರಹಮತ್ ಸಾಹೇಬರು. ಅವರು ಟೇಪು ಹಿಡಿದು ಒಂದು ತೋಳು ಅಳೆಯುವಷ್ಟರಲ್ಲಿ ಮಾವ ಮೆಟ್ಟಿಲಿಳಿದಾಗಿತ್ತು. ಸಾಹೇಬರು ಬೀದಿಗೆ ಓಡಿಬಂದು, "ಅಣ್ಣಾ, ಎಲೆಕ್ಷನ್ನಿಗೆ ನಿಲ್ತೀರಿ, ಟೇಪಿಗೆ ನಿಲ್ಲಾಕಿಲ್ವಲ್ಲ!" ಅಂತ ಕೂಗಿದರು. ಇನ್ನೊಂದು ತೋಳನ್ನು ಅಂದಾಜಿನಲ್ಲಿ ಹೊಲಿದರು. ಅದು ಬೆರಳು ಮುಚ್ಚುವಷ್ಟು ಉದ್ದವಾಯಿತು. ಮಾವ ಅದನ್ನು ಮಡಚಿಕೊಂಡೇ ಊರೂರು ಸುತ್ತಿದರು. ಒಂದು ವಾರ ಕಳೆಯುವುದರೊಳಗೆ ಅವರ ಹಿಂದೆ ಓಡಾಡುವ ಹುಡುಗರೆಲ್ಲ ಎಡತೋಳು ಮಡಚಿಕೊಂಡಿದ್ದರು, ಅದು ಪಕ್ಷದ ಗುರುತೋ ಏನೋ ಅನ್ನುವ ಹಾಗೆ!

ಆದರೆ ಗೆದ್ದದ್ದು ಹೇಗೆ? ಹೇಳುತ್ತೇನೆ. ಕೊಬ್ಬರಿ ಹರಾಜಿನ ದಿನ ಮಾರುಕಟ್ಟೆಯ ಮುಂದೆ ಎಲ್ಲ ಪಕ್ಷದವರೂ ಭಾಷಣ ಮಾಡಿದರು. ನೆತ್ತಿಯ ಮೇಲೆ ಸುಡುವ ಬಿಸಿಲು. ಎದುರು ಪಕ್ಷದವರು ದೇಶದ ಚರಿತ್ರೆಯನ್ನೆಲ್ಲ ಹೇಳಿ ಮುಗಿಸಿದ ಮೇಲೆ ಮಾವ ಮೈಕು ಹಿಡಿದರು. "ನಾನೂ ನಿಂತೀನಿ, ನೀವೂ ಬಿಸಿಲಲ್ಲಿ ನಿಂತೀರಿ. ನನಗೊಂದು ವೋಟ್ ಹಾಕಿ, ಇಬ್ರೂ ಕೂರಾಣ." ಅಷ್ಟೇ! ಜನ ನಗುತ್ತ ನೆರಳಿಗೆ ಹೋದರು. ಆ ನೆರಳಿನ ಋಣವನ್ನು ಮತಗಟ್ಟೆಯಲ್ಲಿ ತೀರಿಸಿದರು ಅಂತ ನನ್ನ ಲೆಕ್ಕಾಚಾರ.

ಎಂಎಲ್‌ಎ ಆದಮೇಲೆ ಮನೆಯ ಜಗಲಿಯಲ್ಲಿ ದಿನಾ ಜಾತ್ರೆ. ಒಬ್ಬಾತ ಕೈಮುಗಿದು, "ಸಾರ್, ನಮ್ಮ ಬೀದಿ ದೀಪ…" ಅಂದ.

"ಹಾಕಿಸ್ತೀನಿ, ಹೋಗು!"

"ಹಾಕೋದಲ್ಲ ಸಾರ್, ಹಗಲೂ ಉರೀತದೆ, ಆರಿಸಿ ಅನ್ನಾಕ್ ಬಂದೆ. ಇನ್ನೊಂದ್ ವಿಷ್ಯ ಸಾರ್, ನಾನು ನಿಮ್ಮ ಕ್ಷೇತ್ರದೋನು…"

"ಗೊತ್ತು ಕಣಯ್ಯ, ನಮ್ಮೋನೇ ನೀನು!"

"…ಅಲ್ಲ ಸಾರ್. ಸಂಪಿಗೆಯೋನು."

ಊರಿನ ಹೆಸರು ಕಿವಿಗೆ ಬಿದ್ದದ್ದೇ ತಡ, ಮಾವ ಅಲ್ಲಿನ ಎಂಜಿನಿಯರಿಗೆ ಫೋನು ಹಚ್ಚಿದರು. ದೀಪ ಆರಿತು! ಪಕ್ಕದ ಕ್ಷೇತ್ರದ ಶಾಸಕರಿಗೆ ಸಿಟ್ಟು ಬಂತು, ಅದು ಬೇರೆ ಮಾತು.

ನಮ್ಮೂರಿನ ಹೆಂಗಸರು ಒಮ್ಮೆ ಗುಂಪಾಗಿ ಹೋಗಿ, "ಅಣ್ಣಯ್ಯ, ಬಸ್ಸು…" ಅಂದರು. ಅವರು ಕೇಳಹೋಗಿದ್ದು ಬಸ್ಸು ನಿಲ್ಲುವಲ್ಲಿ ಒಂದು ಚಾವಣಿ. ಮಾರನೆಯ ವಾರ ಬೆಳಿಗ್ಗೆ ತಿಪಟೂರಿಗೆ ಹೋಗುವ ಹೊಸ ಬಸ್ಸೇ ಬಂದು ನಿಂತಿತು! ಚಾವಣಿ ಇವತ್ತಿಗೂ ಇಲ್ಲ. ಆದರೆ ನಾನು ಕಾಲೇಜು ಓದಿದ್ದು ಆ ಬಸ್ಸಿನಲ್ಲಿ. ಅಲ್ಲಿಯವರೆಗೆ ಹತ್ತನೇ ಕ್ಲಾಸಿಗೇ ಮನೆಯಲ್ಲಿ ಕೂರುತ್ತಿದ್ದ ನಮ್ಮೂರ ಹುಡುಗಿಯರೆಲ್ಲ ಓದಿದ್ದು ಆ ಬಸ್ಸಿನಲ್ಲೇ. ಅರ್ಧ ಮಾತು ಕೇಳುವವರನ್ನು ಬೈಯುವಾಗ ನಾವು ಸ್ವಲ್ಪ ಯೋಚಿಸಬೇಕು.

ವಿಧಾನಸಭೆಯಲ್ಲೂ ಅವರು ಸುಮ್ಮನಿರಲಿಲ್ಲ. ಮಂತ್ರಿಯೊಬ್ಬರು ಉತ್ತರ ಕೊಡಲು ಎದ್ದು ಕನ್ನಡಕ ಹಾಕಿಕೊಳ್ಳುತ್ತಿದ್ದಂತೆ ಮಾವ, "ಪರಿಶೀಲಿಸ್ತೀವಿ, ಅಷ್ಟೇ ತಾನೆ?" ಅಂದರಂತೆ. ಮಂತ್ರಿಗಳು ಕೈಯಲ್ಲಿದ್ದ ಕಾಗದ ನೋಡಿ, "ನಾನಿನ್ನೂ ಓದೇ ಇಲ್ಲ, ಇವರಿಗೆ ಹೇಗೆ ಗೊತ್ತಾಯ್ತು?" ಅಂತ ಗಾಬರಿಯಾದರಂತೆ.

ಇನ್ನು ಅಧ್ಯಕ್ಷಗಿರಿಯ ಕಥೆ. ಇದನ್ನು ಹೇಳಿದ್ದು ಅವತ್ತು ಬಾಗಿಲಲ್ಲೇ ನಿಂತಿದ್ದ ಮಾವನ ಡ್ರೈವರ್. ಪಕ್ಷದಲ್ಲಿ ಎರಡು ಬಣ. ಎರಡೂ ಬಣದ ಮುಖಂಡರಿಗೆ ರಾಜ್ಯಾಧ್ಯಕ್ಷರಾಗುವ ಆಸೆ. ಜಗಳ ಬಿಡಿಸಲು ದೆಹಲಿಯಿಂದ ವೀಕ್ಷಕರು ಬಂದು ಎಲ್ಲ ಶಾಸಕರನ್ನೂ ಕೂರಿಸಿಕೊಂಡರು. ಊಟದ ಹೊತ್ತು ಮೀರುತ್ತಿತ್ತು. ಮೊದಲನೇ ಮುಖಂಡರು ಎದ್ದು ಗಂಟಲು ಸರಿಮಾಡಿಕೊಂಡರು.

"ನಾನು ಅಧ್ಯಕ್ಷ ಆಗದೇ ಇದ್ದರೂ ಪರವಾಗಿಲ್ಲ, ಆದರೆ…"

"ಪರವಾಗಿಲ್ವಂತೆ!" ಅಂತ ಮಾವ ಚಪ್ಪಾಳೆ ಹೊಡೆದರು. "ಎಂಥ ದೊಡ್ಡ ಮನಸ್ಸು ಕಣ್ರೀ!" ಹಸಿದಿದ್ದ ಸಭೆಯೆಲ್ಲ ಚಪ್ಪಾಳೆ ಹೊಡೆಯಿತು. ಅವರ 'ಆದರೆ' ಅಲ್ಲೇ ಸತ್ತಿತು. ಎರಡನೆಯವರು ಹಿಂದೆ ಬೀಳುತ್ತಾರೆಯೇ? "ನನಗೂ ಅಧಿಕಾರದ ಆಸೆ ಇಲ್ಲ, ಆದರೂ…" ಅಂದರು. "ಇವರಿಗೂ ಇಲ್ವಂತೆ!" ಮತ್ತೆ ಚಪ್ಪಾಳೆ!

ವೀಕ್ಷಕರು ಕಂಗಾಲಾಗಿ ಮಾವನ ಕಡೆ ತಿರುಗಿ, "ಹಾಗಾದರೆ ನೀವೇ…" ಅಂದರು.

"ಆಗ್ಲಿ ಬುಡಿ, ಆಯ್ತೀನಿ!"

ನೀವೇ ಒಂದು ಹೆಸರು ಹೇಳಿ ಅನ್ನುವುದು ಆ ಪುಣ್ಯಾತ್ಮರ ಮನಸ್ಸಿನಲ್ಲಿತ್ತಂತೆ. ಆದರೆ ಎರಡೂ ಬಣದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವನಾಗುವುದಕ್ಕಿಂತ ಇವರಾಗುವುದು ವಾಸಿ ಅಂತ ಇಬ್ಬರಿಗೂ ಅನ್ನಿಸಿತು. ಊಟಕ್ಕೆ ಎದ್ದಾಗ ನಮ್ಮ ಮಾವ ರಾಜ್ಯಾಧ್ಯಕ್ಷರು!

ತಿಪಟೂರಿನಲ್ಲಿ ಅವರಿಗೊಂದು ದೊಡ್ಡ ಸನ್ಮಾನ ಇಟ್ಟರು. ಸ್ವಾಗತ ಭಾಷಣ ಯಾರದು ಅಂತ ಕಾರ್ಯಕರ್ತರು ಚರ್ಚಿಸುತ್ತಿದ್ದಾಗ ಮಾವ ನನ್ನ ಹೆಸರು ಹೇಳಿದರು. ಅವರಲ್ಲೊಬ್ಬರು ಮೆಲ್ಲಗೆ, "ಅಣ್ಣಾ, ಆ ಹುಡುಗಿಗೆ ಮಾತು…" ಅಂದರು. "ಗೊತ್ತು" ಅಂದರು ಮಾವ. ಆ ಸಲ ಅವರ ಊಹೆ ತಪ್ಪಿರಲಿಲ್ಲ.

ನನಗೆ ಉಗ್ಗು ಇದೆ. ಬರೆಯುವಾಗ ನಾನು ಇಷ್ಟೆಲ್ಲ ಹರಟುತ್ತೇನೆ, ಬಾಯಿ ತೆರೆದರೆ ಒಂದೊಂದು ಅಕ್ಷರವೂ ಗಂಟಲಲ್ಲಿ ಕೂತುಬಿಡುತ್ತದೆ. ಚಿಕ್ಕಂದಿನಿಂದ ಎಲ್ಲರೂ ನನ್ನ ಮಾತನ್ನು ತಾವೇ ಮುಗಿಸುತ್ತಿದ್ದರು. ಅಂಗಡಿಯವರು, ಮೇಷ್ಟ್ರು, ನನ್ನ ಅಮ್ಮ ಕೂಡ. ಪ್ರೀತಿಯಿಂದಲೇ ಮುಗಿಸುತ್ತಿದ್ದರು. ಆದರೆ ಹಾಗೆ ಮುಗಿಸಿದಾಗಲೆಲ್ಲ ನಾನು ಇನ್ನಷ್ಟು ಬಾಯಿ ಮುಚ್ಚಿಕೊಂಡೆ. ಎಂ.ಎ. ಮುಗಿದಿದ್ದರೂ ಪಾಠ ಹೇಳುವ ಕೆಲಸದ ಯಾವ ಸಂದರ್ಶನಕ್ಕೂ ಹೋಗಿರಲಿಲ್ಲ. ನನ್ನ ಮಾತನ್ನು ಒಂದು ದಿನವೂ ಮುಗಿಸದೇ ಇದ್ದವರು ಮಾವ ಒಬ್ಬರೇ. ಒಂದು ಕಾಲು ಕಾರಿನೊಳಗೆ, ಒಂದು ಕಾಲು ಹೊರಗೆ ಇಟ್ಟುಕೊಂಡು, ಹಿಂದಿನ ಗಾಡಿಗಳು ಹಾರನ್ ಹೊಡೆಯುತ್ತಿದ್ದರೂ, ನಾನು ಹೇಳಿ ಮುಗಿಸುವವರೆಗೆ ನಿಂತಿರುತ್ತಿದ್ದರು.

ಆ ದಿನ ಮೈಕಿನ ಮುಂದೆ "ಮಾನ್ಯ" ಅನ್ನುವ ಮೊದಲ ಪದದಲ್ಲೇ ಸಿಕ್ಕಿಕೊಂಡೆ. ಮ, ಮ, ಮ. ಹಿಂದಿನಿಂದ ಯಾರೋ ನಕ್ಕರು. ಶಿಳ್ಳೆ ಬಿತ್ತು. ನಿರೂಪಕರು ಬಂದು ನಗುಮುಖದಲ್ಲೇ ಮೈಕು ತೆಗೆದುಕೊಂಡರು. ಆಗ ಮಾವ ಎದ್ದು ಬಂದರು. ಮೈಕನ್ನು ಅವರ ಕೈಯಿಂದ ಬಿಡಿಸಿ ಮತ್ತೆ ನನ್ನ ಕೈಗಿಟ್ಟು, ಪಕ್ಕದಲ್ಲೇ ನಿಂತರು.

"ನಂಗೇನೂ ಅರ್ಜೆಂಟಿಲ್ಲ" ಅಂದರು. "ನೀನು ಹೇಳವ್ವ."

ನಾನು ಹೇಳಿದೆ. ಎಷ್ಟು ಹೊತ್ತು ಹಿಡಿಯಿತೋ ಗೊತ್ತಿಲ್ಲ. ಬರೆದುಕೊಂಡು ಹೋಗಿದ್ದ ಒಂದು ವಾಕ್ಯವನ್ನೂ ಬಿಡಲಿಲ್ಲ. ಮುಗಿಯುವವರೆಗೆ ಮಾವ ಅಲುಗಾಡಲಿಲ್ಲ. ಅವರು ನಿಂತಿದ್ದರಿಂದ ವೇದಿಕೆಯ ಮೇಲಿನ ದೊಡ್ಡ ಮನುಷ್ಯರೆಲ್ಲ ಒಬ್ಬೊಬ್ಬರಾಗಿ ಎದ್ದು ನಿಂತರು. ಕೆಳಗೆ ಜನ ಸುಮ್ಮನಾದರು. ಮುಗಿಸಿ ಕುರ್ಚಿಗೆ ಬಂದಾಗ ಮಾವ ನೀರಿನ ಲೋಟ ಕೊಟ್ಟರು.

ಆ ವರ್ಷವೇ ನಾನು ಸಂದರ್ಶನಕ್ಕೆ ಹೋದೆ. ಈಗ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತೇನೆ, ನಿಧಾನವಾಗಿ. ನನ್ನ ಹುಡುಗರು ಕಾಯುತ್ತಾರೆ.

ಅವತ್ತು ನನ್ನ ನಂತರ ಅಧ್ಯಕ್ಷರ ಭಾಷಣವಿತ್ತು. ಅದನ್ನು ಕೇಳಲೆಂದೇ ಮೂರು ತಾಲ್ಲೂಕಿನ ಜನ ಬಂದಿದ್ದರು. ಮಾವ ಮೈಕಿನ ಹತ್ತಿರ ಹೋಗಿ, ಬಾಯಿ ತೆರೆದು, ಒಂದು ಸಲ ನನ್ನ ಕಡೆ ನೋಡಿದರು.

"ಎಲ್ಲಾ ನಮ್ಮ ಹುಡುಗಿ ಹೇಳವ್ಳೆ" ಅಂದರು. "ನಂದೇನೂ ಉಳಿದಿಲ್ಲ." ಬಂದು ನನ್ನ ಪಕ್ಕ ಕೂತರು.