ಯಥಾಪ್ರತಿಯಲ್ಲಿ ವಯಸ್ಸು

ನಮ್ಮ ನೀರು ಸರಬರಾಜು ಶಾಖೆಯಲ್ಲಿ ಕಳೆದ ಮೂರು ವರ್ಷಗಳಿಂದ ಯಾರಿಗೂ ವಯಸ್ಸಾಗಿಲ್ಲ ಎಂಬುದು ದಾಖಲೆಗಳಿಂದ ದೃಢಪಟ್ಟಿದೆ.

ಕಾರಣ ಸರಳ. ಕೇಂದ್ರ ಕಚೇರಿಯ ಕಂಪ್ಯೂಟರಿನಲ್ಲಿ ನೌಕರರು ಹುಟ್ಟಿದ ತಾರೀಕನ್ನು ಗುಮಾಸ್ತರು ಬರೆಯುತ್ತಾರೆ. ವಯಸ್ಸನ್ನು ಕಂಪ್ಯೂಟರೇ ಲೆಕ್ಕ ಹಾಕಿಕೊಳ್ಳುತ್ತದೆ. ಶಾಖೆಯಲ್ಲಿರುವುದು ಅದರ ಯಥಾಪ್ರತಿ. ಅಲ್ಲಿ ಯಾರಾದರೂ ತಿದ್ದಿ ಬರೆದದ್ದು ಮಾತ್ರ ಇಲ್ಲಿಗೆ ಬರುತ್ತದೆ. ವಯಸ್ಸನ್ನು ಯಾರೂ ಬರೆಯದ ಕಾರಣ ಅದು ಹೆಸರು ಸೇರಿದ ಮೊದಲ ದಿನ ಬಂದಷ್ಟೇ. ಇಲ್ಲಿನ ಕಂಪ್ಯೂಟರು ತಾನೇ ಲೆಕ್ಕ ಹಾಕುವಂತಿಲ್ಲ. ಹಾಕಿದರೆ ಅದು ಯಥಾಪ್ರತಿ ಹೇಗಾದೀತು?

ನಮ್ಮ ನೀರುಗಂಟಿಗೆ ಮಂಡಿ ನೋವು. ಟ್ಯಾಂಕಿನ ಏಣಿಗೆ ಎಂಬತ್ತಾರು ಮೆಟ್ಟಿಲು. ಅರವತ್ತಾದರೆ ನಿವೃತ್ತಿ ಎಂದು ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದ.

"ನಿಮಗಿನ್ನೂ ಐವತ್ತೊಂಬತ್ತು ಕಣ್ರೀ," ಎಂದರು ಸೂಪರಿಂಟೆಂಡೆಂಟರು.

"ಮೂರು ವರ್ಷದಿಂದ ಅಷ್ಟೇ ಇದೆಯಲ್ಲ ಸಾರ್. ಹುಟ್ಟಿದ ತಾರೀಕು ಪಕ್ಕದಲ್ಲೇ ಇದೆ, ನೋಡಿ."

"ತಾರೀಕೂ ಸರಿಯಾಗಿದೆ, ವಯಸ್ಸೂ ಸರಿಯಾಗಿದೆ. ಎರಡನ್ನೂ ಒಟ್ಟಿಗೆ ನೋಡ್ಬೇಡಿ."

ನೀರುಗಂಟಿ ಕೇಂದ್ರ ಕಚೇರಿಗೆ ಮನವಿ ಬರೆದ. ಉತ್ತರ ತ್ವರಿತವಾಗಿ, ಆರೇ ತಿಂಗಳಲ್ಲಿ ಬಂತು: "ಸದರಿಯವರು ಅರವತ್ತು ವರ್ಷ ತುಂಬಿ ಈಗಾಗಲೇ ನಿವೃತ್ತರಾಗಿರುತ್ತಾರೆ. ಸೇವೆಯಲ್ಲಿ ಇಲ್ಲದವರ ನಿವೃತ್ತಿ ಮನವಿಯನ್ನು ಪರಿಗಣಿಸಲು ಅವಕಾಶವಿರುವುದಿಲ್ಲ."

ನನಗೆ ನಿಜಕ್ಕೂ ಸಂಕಟವಾಯಿತು. ಆದರೆ ಸಂಕಟಕ್ಕೆ ಅಂಕಣವಿಲ್ಲ.

ಅಷ್ಟರಲ್ಲಿ ಅವನ ಸ್ವಂತ ತಮ್ಮ, ಪಂಪಿನ ಮೇಸ್ತ್ರಿ, ಬೇರೆ ಊರಿನಿಂದ ನಮ್ಮ ಶಾಖೆಗೆ ವರ್ಗವಾಗಿ ಬಂದ. ಹೊಸ ಹೆಸರು, ಆದ್ದರಿಂದ ಯಥಾಪ್ರತಿಗೆ ಅವತ್ತಿನ ವಯಸ್ಸೇ ಬಂತು: ಅರವತ್ತು. ಮರುದಿನವೇ ನಿವೃತ್ತಿ ಆದೇಶ ಹೊರಟಿತು.

ಕಡತ ನೋಡಿದ ಸೂಪರಿಂಟೆಂಡೆಂಟರು ಕನ್ನಡಕ ಏರಿಸಿದರು. "ಇದೇನ್ರೀ, ಅರವತ್ತರವನು ಐವತ್ತೊಂಬತ್ತರವನಿಗೆ ತಮ್ಮ ಅಂತ ಬರೆದಿದೆ? ಯಾರ್ರೀ ಈ ತಪ್ಪು ಮಾಡಿದ್ದು?" ಅವರೇ ಕೆಂಪು ಶಾಯಿಯಲ್ಲಿ "ಅಣ್ಣ" ಎಂದು ತಿದ್ದಿ, ಮೊಹರು ಒತ್ತಿ ಕೇಂದ್ರ ಕಚೇರಿಗೆ ಕಳಿಸಿದರು. ಅಲ್ಲಿನ ಗುಮಾಸ್ತರು ತಿದ್ದಿ ಬರೆದದ್ದಾದ್ದರಿಂದ ಅದು ಎಲ್ಲ ಕಡೆಗೂ ತಕ್ಷಣ ಹೋಯಿತು.

ಬೀಳ್ಕೊಡುಗೆ ಸಭೆ ಚೊಕ್ಕವಾಗಿ ನಡೆಯಿತು. ಹಾರ ಹಾಕಿಸಿಕೊಂಡ ಮೇಸ್ತ್ರಿ ಟ್ಯಾಂಕಿನವರೆಗೂ ಬಂದ. ನೀರುಗಂಟಿ ಮಂಡಿ ಹಿಡಿದುಕೊಂಡು ಮೂರನೇ ಮೆಟ್ಟಿಲಲ್ಲಿ ನಿಂತಿದ್ದ.

"ಹುಷಾರಾಗಿ ಹತ್ತೋ ತಮ್ಮಾ," ಎಂದ ಮೇಸ್ತ್ರಿ.

"ಆಯ್ತಣ್ಣ," ಎಂದು ನೀರುಗಂಟಿ ನಾಲ್ಕನೆಯದಕ್ಕೆ ಕಾಲಿಟ್ಟ.