ಏಣಿ ಗುರುತಿನ ಉಮೇದುವಾರ

ಇಪ್ಪತ್ತಾರನೆಯ ವಯಸ್ಸಿನಲ್ಲಿ ರಾಜ್ಯಭಾರ ನಡೆಸುವುದು ನನಗೆ ಅಂಥ ಕಷ್ಟದ ಕೆಲಸವೆಂದು ತೋರಿರಲಿಲ್ಲ. ಆಗ ನಡೆಸುತ್ತಿದ್ದವರನ್ನು ನೋಡಿಯೇ ಆ ಧೈರ್ಯ ಬಂದದ್ದು. ಸ್ವರಾಜ್ಯ ಬಂದು ಹೆಚ್ಚು ವರ್ಷಗಳಾಗಿರಲಿಲ್ಲ. ಯಾರು ಬೇಕಾದರೂ ಓಟು ಹಾಕಬಹುದು, ಯಾರು ಬೇಕಾದರೂ ಚುನಾವಣೆಗೆ ನಿಲ್ಲಬಹುದು ಎಂದು ಚಾಮರಾಜಪುರಂನ ಒಂದು ಖಾಸಗಿ ಹೈಸ್ಕೂಲಿನಲ್ಲಿ ನಾನೇ ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ಹೇಳುತ್ತ ಹೇಳುತ್ತ ಅದನ್ನು ನಾನೇ ನಂಬಿಬಿಟ್ಟೆ. ಮಕ್ಕಳು ಆ ತಪ್ಪು ಮಾಡಲಿಲ್ಲ.

ವಿಧಾನಸಭೆಗೆ ಚುನಾವಣೆ ಬಂತು. ನಮ್ಮ ಕ್ಷೇತ್ರಕ್ಕೆ ಲಕ್ಷ್ಮೀಪುರಂನ ವಕೀಲ ಶಾಮಣ್ಣನವರು ನಿಂತರು. ಅರವತ್ತು ದಾಟಿದವರು, ಚಳವಳಿಯಲ್ಲಿ ಜೈಲು ಕಂಡವರು, ಬಿಳಿ ಮೀಸೆಯ ದೊಡ್ಡ ಮನುಷ್ಯರು. ಅವರ ಎದುರು ನಿಲ್ಲಲು ಯಾರಿಗೂ ಮನಸ್ಸಿರಲಿಲ್ಲ. ಒಂದು ಸಭೆಯಲ್ಲಿ ಅವರೇ "ಯುವಕರು ಮುಂದೆ ಬರಬೇಕು" ಎಂದು ಕರೆ ಕೊಟ್ಟರು. ಸೇರಿದ್ದ ಯುವಕರೆಲ್ಲ ಚಪ್ಪಾಳೆ ತಟ್ಟಿ ಮನೆಗೆ ಹೋದರು. ನಾನೊಬ್ಬ ಮುಂದೆ ಬಂದೆ.

ಸ್ಕೂಲಿನ ಕಮಿಟಿಯವರು ಕರೆಸಿ, "ಮೇಷ್ಟರ ಕೆಲಸವೋ, ಚುನಾವಣೆಯೋ, ಒಂದನ್ನು ಆರಿಸಿಕೊಳ್ಳಿ" ಎಂದರು. ನಾನು ಎರಡನೆಯದನ್ನು ಆರಿಸಿಕೊಂಡು, ರಾಜೀನಾಮೆ ಬರೆದುಕೊಟ್ಟು, ಎದೆಯುಬ್ಬಿಸಿಕೊಂಡು ಮನೆಗೆ ಬಂದೆ. ನನ್ನ ಹೆಂಡತಿ ಜಯಮ್ಮ ಅಕ್ಕಿ ಆರಿಸುತ್ತಿದ್ದಳು. ಆಗ ಅವಳಿಗೆ ಐದು ತಿಂಗಳು ತುಂಬಿತ್ತು.

"ಕೆಲಸ ಬಿಟ್ಟುಬಿಟ್ಟೆ. ಇನ್ನು ಜನಸೇವೆ" ಎಂದೆ.

ಅವಳು ತಲೆಯೆತ್ತಲಿಲ್ಲ. "ಜನಸೇವೆಗೆ ಮಧ್ಯಾಹ್ನ ಊಟಕ್ಕೆ ಬಿಡ್ತಾರೋ, ಇಲ್ಲ ಡಬ್ಬಿ ಕಟ್ಬೇಕೋ?" ಎಂದಳು.

ಅವಳು ಅತ್ತಿದ್ದರೆ ನಾನು ದೊಡ್ಡ ಭಾಷಣ ಮಾಡುತ್ತಿದ್ದೆ. ಅವಳು ಆ ಅವಕಾಶ ಕೊಡಲಿಲ್ಲ.

ನಾಮಪತ್ರ ಸಲ್ಲಿಸಲು ಹೋದ ದಿನವೇ ಯೌವನದ ಮೊದಲ ತೊಡಕು ಎದುರಾಯಿತು. ನನ್ನ ಹೆಸರು ಪುಟ್ಟಸ್ವಾಮಿ. ನೋಡುವುದಕ್ಕೂ ಪುಟ್ಟಸ್ವಾಮಿಯೇ. ಮೀಸೆ ಎಂಬುದು ಮೂಗಿನ ಕೆಳಗೆ ಒಂದು ಅನುಮಾನದಂತೆ ಮಾತ್ರ ಇತ್ತು. ಅಧಿಕಾರಿಗಳು ನನ್ನನ್ನು ನೋಡಿ, ನನ್ನ ಹಿಂದೆ ಬಾಗಿಲಿನ ಕಡೆ ನೋಡಿ, "ನಿಮ್ಮ ತಂದೆಯವರು ಬರಲಿಲ್ವೇನಪ್ಪ?" ಎಂದರು.

"ಅವರು ಕಡಕೊಳದಲ್ಲಿ ಹೊಲದ ಹತ್ತಿರ ಇದ್ದಾರೆ, ಸಾರ್."

"ಅವರು ಖುದ್ದು ಬರಬೇಕಾಗಿತ್ತಲ್ಲ. ಉಮೇದುವಾರರೇ ಇಲ್ಲದಿದ್ರೆ ಹೇಗೆ?"

ಉಮೇದುವಾರ ನಾನೇ ಎಂದು ಒಪ್ಪಿಸುವಷ್ಟರಲ್ಲಿ ನನ್ನ ಉತ್ಸಾಹದ ಅರ್ಧ ಭಾಗ ಆ ಕಚೇರಿಯಲ್ಲೇ ಖರ್ಚಾಯಿತು.

ಉಳಿದರ್ಧಕ್ಕೆ ಜವಾಬ್ದಾರನಾದವನು ನನ್ನ ಗೆಳೆಯ ಗೋಪಾಲ. ಸೈಕಲ್ ಅಂಗಡಿ ಇಟ್ಟಿದ್ದ. ಚುನಾವಣೆಯ ಕೆಲಸವೆಲ್ಲ ತನ್ನದೇ ಎಂದು ತಾನಾಗಿಯೇ ವಹಿಸಿಕೊಂಡ. ನಾನು ಕೇಳಿದ್ದ ಗುರುತು ಸಿಂಹ. ಸಿಕ್ಕಿದ್ದು ಏಣಿ. ನಾನು ಮುಖ ಸಪ್ಪಗೆ ಮಾಡಿಕೊಂಡು ಕೂತಿದ್ದರೆ ಗೋಪಾಲ ಕುಣಿದಾಡಿದ.

"ಅಯ್ಯೋ ದಡ್ಡ, ಸಿಂಹ ಇಟ್ಕೊಂಡು ಬೀದೀಲಿ ಹೋಗಕ್ಕಾಗುತ್ತೇನೋ? ಏಣಿ ಆದ್ರೆ ನಿಜವಾದ್ದನ್ನೇ ಹೊತ್ಕೊಂಡು ಹೋಗ್ಬೋದು ಕಣೋ. ಮತಪೆಟ್ಟಿಗೆ ಮೇಲೆ ಏಣಿ ಚಿತ್ರ ಕಂಡ ತಕ್ಷಣ ಜನಕ್ಕೆ ನಿನ್ನ ನೆನಪಾಗ್ಬೇಕು."

ಆಗೆಲ್ಲ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ. ಅದರ ಮೇಲೆ ಅವನ ಗುರುತಿನ ಚಿತ್ರ. ಗೋಪಾಲನ ಮಾತು ನನಗೆ ಸರಿಯೆಂದೇ ತೋರಿತು. ಮಾರನೆಯ ದಿನ ಒಂದು ಉದ್ದನೆಯ ಬಿದಿರಿನ ಏಣಿಯನ್ನು ಹೆಗಲ ಮೇಲಿಟ್ಟುಕೊಂಡು, ಮುಂದೆ ಗೋಪಾಲ, ಹಿಂದೆ ನಾನು, ಮೆರವಣಿಗೆ ಹೊರಟೆವು. ಮೆರವಣಿಗೆಯಲ್ಲಿ ಇದ್ದವರು ನಾವಿಬ್ಬರೇ.

ಉದ್ದನೆಯ ಏಣಿಯನ್ನು ನೇರ ಬೀದಿಯಲ್ಲಿ ಯಾರು ಬೇಕಾದರೂ ಹೊರಬಹುದು. ತಿರುವಿನಲ್ಲಿ ಮಾತ್ರ ಅದಕ್ಕೂ ಒಂದು ವಿದ್ಯೆ ಬೇಕು. ಚಾಮರಾಜಪುರಂನ ಒಂದು ಮೂಲೆಯಲ್ಲಿ ಗೋಪಾಲ ಎಡಕ್ಕೆ ತಿರುಗಿದ. ನಾನು ಜನರಿಗೆ ಕೈಮುಗಿಯುತ್ತ ಬಲಗಡೆಯ ಜಗಲಿಯತ್ತ ವಾಲಿದೆ. ಏಣಿಯ ಬಾಲವು ಜಗಲಿಯ ಮೇಲೆ ಒಣಹಾಕಿದ್ದ ಹಪ್ಪಳವನ್ನೆಲ್ಲ ಚಾಪೆಯ ಸಮೇತ ಬಳಿದು ಬೀದಿಗೆ ಹಾಕಿತು. ಹಪ್ಪಳ ಮಾಡಿ ಮಾರುತ್ತಿದ್ದ ಕೆಂಪಮ್ಮಜ್ಜಿ ಒಳಗಿಂದ ಬಂದು ನಿಂತಿತು.

"ಬೆಳಗ್ಗಿಂದ ಒತ್ತಿದ್ದ ಅಪ್ಪಳ ಎಲ್ಲಾ ಮಣ್ಪಾಲು ಮಾಡ್ಬುಟ್ಯಲ್ಲೋ. ಯಾರ ಮಗ ನೀನು?"

"ಅಜ್ಜೀ, ನಾನು ನಿಮ್ಮ ಕ್ಷೇತ್ರದ ಅಭ್ಯರ್ಥಿ. ನಿಮ್ಮ ಅಮೂಲ್ಯವಾದ ಮತವನ್ನು ಯಾಚಿಸಲು..."

"ಅದೆಲ್ಲ ಆಮೇಲೆ. ಏಣಿ ತಂದಿದೀಯಲ್ಲ, ಮೊದ್ಲು ಮೇಲತ್ತು. ಎಂಚಿನ ಮ್ಯಾಲೆ ಸೋರೆಕಾಯಿ ಬಲ್ತೋಯ್ತಾ ಅವೆ. ಕಿತ್ಕೊಡು."

ತಪ್ಪು ಮಾಡಿದವನು ಹತ್ತಲೇಬೇಕು. ಹತ್ತಿ ಸೋರೆಕಾಯಿ ಕಿತ್ತುಕೊಟ್ಟೆ. ಇಳಿಯುವಾಗ ಸರಿದಿದ್ದ ಒಂದೆರಡು ಹೆಂಚುಗಳನ್ನೂ ಕೂರಿಸಿದೆ. ಹಳ್ಳಿಯಲ್ಲಿ ಬೆಳೆದವನಿಗೆ ಹೆಂಚು ಹೊದಿಸುವುದು ಬಿ.ಎ.ಗಿಂತ ಮೊದಲೇ ಬಂದಿತ್ತು. ಅಜ್ಜಿ ನನ್ನ ತಲೆಯ ಮೇಲೆ ಕೈಯಿಟ್ಟು "ನೂರು ವರ್ಷ ಬಾಳು" ಎಂದಿತು. ಓಟಿನ ಮಾತೆತ್ತಿದೆ. "ಅದಕ್ಕೇನ್ಮಗ, ನೋಡಾಣ" ಎಂದಿತು.

ಮಾರನೆಯ ದಿನ ಆ ಬೀದಿಗೆ ಹೋದರೆ ಜನ ಬಾಗಿಲಲ್ಲಿ ಕಾದು ನಿಂತಿದ್ದರು. ಪ್ರಚಾರ ಫಲಿಸಿತೆಂದು ನನ್ನ ಕಣ್ಣು ತುಂಬಿ ಬಂತು. ಹತ್ತಿರ ಹೋದ ಮೇಲೆ ತಿಳಿಯಿತು, ಅವರು ಕಾದಿದ್ದದ್ದು ಏಣಿಗೆ. ಒಂದು ಮನೆಯಲ್ಲಿ ನುಗ್ಗೆಕಾಯಿ ಕೀಳಬೇಕಾಗಿತ್ತು. ಇನ್ನೊಂದು ಮನೆಯಲ್ಲಿ ಬೆಕ್ಕು ಅಟ್ಟದ ಕಿಂಡಿಯಲ್ಲಿ ಸಿಕ್ಕಿಕೊಂಡಿತ್ತು. ಮತ್ತೊಂದು ಕಡೆ ಸೋರುವ ದೇವರಮನೆ. ನಾನು ಭಾಷಣವನ್ನು ಬಿಡಲಿಲ್ಲ. ನುಗ್ಗೆಮರದ ಮೇಲಿಂದಲೇ ರಾಜ್ಯದ ಹಣಕಾಸಿನ ಬಗ್ಗೆ ಮಾತನಾಡಿದೆ. ಕೆಳಗಿನಿಂದ ಬಂದ ಒಂದೇ ಪ್ರಶ್ನೆ, "ಆ ಬಲಗಡೆ ಕೊಂಬೆ ಎಟುಕುತ್ತಾ ನೋಡಿ ಮೇಷ್ಟ್ರೇ" ಎಂಬುದು.

ಗೋಪಾಲ ಇದನ್ನು ಗೆಲುವಿನ ಲಕ್ಷಣವೆಂದೇ ತಿಳಿದ. ಜಟಕಾದಲ್ಲಿ ಕೂತು, "ಉಮೇದುವಾರರು ನಾಳೆ ನಿಮ್ಮ ಬೀದಿಗೆ ದಯಮಾಡಿಸುತ್ತಾರೆ. ಹೆಂಚು ಒಡೆದಿದ್ದವರು ಮುಂಚಿತವಾಗಿ ತಿಳಿಸಬೇಕಾಗಿ ಪ್ರಾರ್ಥನೆ" ಎಂದು ಕೂಗಿಕೊಂಡು ಹೋದ.

ಸಂಜೆ ಮೈಯೆಲ್ಲ ಮಸಿ, ಮೊಣಕೈ ತರಚು. ಜಯಮ್ಮ ಬಿಸಿನೀರು ಕೊಡುತ್ತ, "ನಮ್ಮನೆ ಅಡಿಗೆಮನೆ ಸೋರೋಕೆ ಶುರುವಾಗಿ ಒಂದು ವರ್ಷ ಆಯ್ತು. ನಮ್ಮನೆ ನಿಮ್ಮ ಕ್ಷೇತ್ರಕ್ಕೆ ಬರಲ್ವಾ?" ಎಂದು ಕೇಳಿದಳು.

ಪರಿಶೀಲಿಸುವುದಾಗಿ ಆಶ್ವಾಸನೆ ಕೊಟ್ಟೆ. ನನ್ನ ರಾಜಕೀಯ ಜೀವನದ ಮೊದಲ ಆಶ್ವಾಸನೆ ಅದು. ಕ್ರಮದಂತೆ ಅದು ಈಡೇರಲಿಲ್ಲ.

ಮತದಾನಕ್ಕೆ ವಾರವಿದ್ದಾಗ ಲಕ್ಷ್ಮೀಪುರಂಗೆ ಹೋದೆವು. ಅಲ್ಲೊಬ್ಬ ಹೆಂಗಸು ಓಡಿಬಂದು, ಕೋತಿ ತನ್ನ ಹಿತ್ತಾಳೆ ಚೊಂಬನ್ನು ಎತ್ತಿಕೊಂಡು ಹೋಗಿ ಪಕ್ಕದ ಮನೆಯ ಮಾಡಿನ ಮೇಲೆ ಬಿಟ್ಟಿದೆ, ತೆಗೆದುಕೊಡಿ ಎಂದಳು. ಹಿತ್ತಲ ಕಡೆಯಿಂದ ಏಣಿ ಹಾಕಿ ಹತ್ತಿದೆ. ಚೊಂಬು ಕೈಗೆ ಸಿಕ್ಕಿತು. ತಿರುಗಿ ನೋಡಿದರೆ ಏಣಿ ಇಲ್ಲ. ಆಚೆ ಬೀದಿಯವರು ಯಾರೋ "ಐದೇ ನಿಮಿಷ" ಎಂದು ಒಯ್ದಿದ್ದರು. ಗುರುತು ಎದುರಾಳಿಗಳ ಪಾಲಾದೀತೆಂದು ಗೋಪಾಲನೂ ಅದರ ಹಿಂದೆ ಓಡಿದ್ದ.

ಅಷ್ಟರಲ್ಲಿ ಮನೆಯ ಮುಂಭಾಗದಲ್ಲಿ ಗದ್ದಲ ಕೇಳಿಸಿತು. ಮಾಡಿನ ನೆತ್ತಿಯಿಂದ ಮೆಲ್ಲಗೆ ಇಣುಕಿದೆ. ಅಂಗಳದಲ್ಲಿ ಬೆಂಚು ಹಾಕಿದ್ದರು. ಬೀದಿಯ ತುಂಬ ಜನ. ನಡುವೆ ಹೂವಿನ ಹಾರ ಹಾಕಿಕೊಂಡು ನಿಂತಿದ್ದವರು ಶಾಮಣ್ಣನವರು. ನಾನು ಕುಳಿತಿದ್ದದ್ದು ಅವರ ಮನೆಯ ಮೇಲೆ.

ಉಸಿರು ಬಿಗಿಹಿಡಿದು ಮಲಗಿಕೊಂಡೆ. ಶಾಮಣ್ಣನವರು ಭಾಷಣ ಆರಂಭಿಸಿದರು. "ನಮ್ಮ ಎದುರಾಳಿ ಪುಟ್ಟಸ್ವಾಮಿ ಒಳ್ಳೆ ಹುಡುಗ. ಆದ್ರೆ ಮಹಾಜನರೇ, ಅನುಭವ ಎಲ್ಲಿದೆ?" ಎಂದರು. ಆ ಕ್ಷಣಕ್ಕೆ ನನ್ನ ಕಾಲ ಕೆಳಗಿನ ಹೆಂಚೊಂದು ಜಾರಿತು. ಅದು ಇಳಿಜಾರಿನಲ್ಲಿ ನಿಧಾನವಾಗಿ, ಸಾವಕಾಶವಾಗಿ, ಎಲ್ಲರ ಕಿವಿಗೂ ಬೀಳುವಂತೆ ಸದ್ದು ಮಾಡುತ್ತ ಹೋಗಿ ತುಳಸಿಕಟ್ಟೆಯ ಪಕ್ಕ ಬಿತ್ತು.

ಇಡೀ ಸಭೆ ಮೇಲೆ ನೋಡಿತು. ನಾನು ಚೊಂಬು ಹಿಡಿದುಕೊಂಡು ಎದ್ದು ನಿಂತು ನಮಸ್ಕಾರ ಮಾಡಿದೆ. ಬೇರೇನು ಮಾಡಬೇಕೆಂದು ಯಾವ ಪುಸ್ತಕದಲ್ಲೂ ಓದಿರಲಿಲ್ಲ.

ನಗು ಎಷ್ಟು ಹೊತ್ತು ನಡೆಯಿತೋ ನನಗೆ ತಿಳಿಯದು. ಕಳ್ಳ ಎಂದು ಒಬ್ಬ ಕೂಗಿದ. ಶಾಮಣ್ಣನವರ ಕಡೆಯ ತರುಣರು ಪಂಚೆ ಎತ್ತಿ ಕಟ್ಟಿದರು. ಅವರು ಮನಸ್ಸು ಮಾಡಿದ್ದರೆ ನನ್ನ ಮಾನ ಅಂದೇ ಅಲ್ಲೇ ಮುಗಿದುಹೋಗುತ್ತಿತ್ತು. ಆದರೆ ಶಾಮಣ್ಣನವರು ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು.

"ಏನ್ ಮೇಷ್ಟ್ರೇ, ಚುನಾವಣೆಗೆ ಮುಂಚೇನೇ ನನಗಿಂತ ಮೇಲಕ್ಕೆ ಹೋಗ್ಬುಟ್ರಲ್ಲ?"

"ಇಳಿಯೋಕೆ ಏಣಿ ಇಲ್ಲ ಸಾರ್" ಎಂದೆ.

"ಏಣಿ ಬರೋ ತನಕ ಸುಮ್ನೆ ಯಾಕೆ ನಿಂತಿರ್ತೀರಿ? ಜನ ಸೇರಿದ್ದಾರೆ. ನಿಮ್ಮ ಮಾತೂ ಕೇಳ್ಲಿ. ಮಾತಾಡಿ" ಎಂದು ಹೇಳಿ ಅವರು ಬೆಂಚಿನ ಮೇಲೆ ಕೂತುಬಿಟ್ಟರು. ತಮ್ಮ ಸಭೆ, ತಮ್ಮ ಜನ, ತಮ್ಮ ಮನೆ. ಎಲ್ಲವನ್ನೂ ನನಗೆ ಬಿಟ್ಟುಕೊಟ್ಟರು.

ಬಾಯಿಪಾಠ ಮಾಡಿದ್ದ ಭಾಷಣದ ಒಂದಕ್ಷರವೂ ನೆನಪಿಗೆ ಬರಲಿಲ್ಲ. ಅಷ್ಟು ದಿನ ಮಾಡುಗಳ ಮೇಲಿಂದ ಕಂಡದ್ದು ಮಾತ್ರ ಕಣ್ಣ ಮುಂದಿತ್ತು. ಅದನ್ನೇ ಹೇಳಿದೆ. ಚಾಮರಾಜಪುರಂನ ಹಿಂದಿನ ಬೀದಿಗಳಲ್ಲಿ ಹೆಂಗಸರು ಬೆಳಗಾಗುತ್ತಲೇ ಕೊಡಗಳನ್ನು ಸಾಲಿಟ್ಟು ಕಾಯುವುದು. ನಲ್ಲಿ ನಿಂತುಹೋದರೆ ಖಾಲಿ ಕೊಡ ಹೊತ್ತು ವಾಪಸಾಗುವುದು. ಬಸುರಿಯರೂ ಎರಡು ಬೀದಿ ಆಚೆಯಿಂದ ನೀರು ಹೊರುವುದು. "ಕೆಳಗಡೆ ಓಡಾಡೋವಾಗ ನಂಗೂ ಇದು ಕಂಡಿರ್ಲಿಲ್ಲ. ನಮ್ಮ ಮನೇಲೂ ಹಾಗೇ ಹೊರ್ತಾರೆ, ಅದೂ ಕಂಡಿರ್ಲಿಲ್ಲ" ಎಂದೆ. ಯಾರೂ ನಗಲಿಲ್ಲ.

ಗೋಪಾಲ ಏಣಿಯೊಂದಿಗೆ ಹಿಂತಿರುಗಲಿಲ್ಲ. ಆ ಬೀದಿಯಲ್ಲಿ ಬೇರೆ ಏಣಿಯೂ ಸಿಗಲಿಲ್ಲ. ಕೊನೆಗೆ ಶಾಮಣ್ಣನವರ ಮನೆಯ ಊಟದ ಮೇಜಿನ ಮೇಲೆ ಬೆಂಚಿಟ್ಟು, ಬೆಂಚಿನ ಮೇಲೆ ಸ್ಟೂಲಿಟ್ಟು ನನ್ನನ್ನು ಇಳಿಸಿದರು. ಅಲ್ಲಾಡದಂತೆ ಬೆಂಚನ್ನು ಹಿಡಿದುಕೊಂಡಿದ್ದವರು, ಹಾರ ಹಾಕಿಕೊಂಡೇ, ಶಾಮಣ್ಣನವರು. ಅವರ ಹೆಂಡತಿ ಎಲೆ ಹಾಕಿ ಕೂರಿಸಿ ಬಡಿಸಿದರು. ನಾನು ನಾಚಿ ತಲೆತಗ್ಗಿಸಿ ಕೂತಿದ್ದರೆ, "ಇನ್ನೊಂದು ಸೌಟು ಹುಳಿ ಹಾಕಿಸ್ಕೊಳಪ್ಪ, ಎಷ್ಟು ಹೊತ್ತಿಂದ ಮೇಲಿದ್ಯೋ ಏನೋ" ಎಂದರು. ಆ ಹುಳಿಯ ರುಚಿ ಇನ್ನೂ ನಾಲಿಗೆಯಲ್ಲಿದೆ.

ಚುನಾವಣೆ ಮುಗಿಯಿತು. ಫಲಿತಾಂಶ ಬಂತು. ನನ್ನ ಪೆಟ್ಟಿಗೆಗಳನ್ನು ಎಣಿಸುವವರಿಗೆ ಹೆಚ್ಚು ಶ್ರಮವಾಗಲಿಲ್ಲ. ಠೇವಣಿಯೂ ಹೋಯಿತು. ನಾನು ಏರಿದ ಮಾಡುಗಳ ಲೆಕ್ಕಕ್ಕೂ ಬಂದ ಓಟಿಗೂ ತಾಳೆಯೇ ಆಗಲಿಲ್ಲ. ಜಯಮ್ಮ ಯಾರಿಗೆ ಹಾಕಿದಳೆಂದು ನಾನು ಇಂದಿಗೂ ಕೇಳಿಲ್ಲ. ಸಂಸಾರ ನಡೆಯಬೇಕಲ್ಲ.

ಮನಸ್ಸು ತಡೆಯದೆ ಕೆಂಪಮ್ಮಜ್ಜಿಯನ್ನು ಮಾತ್ರ ಕೇಳಿದೆ.

"ನಿಂಗಾಕ್ನಿಲ್ಲ ಕಣ್ಮಗ" ಎಂದಿತು ಅಜ್ಜಿ, ಸ್ವಲ್ಪವೂ ಸಂಕೋಚವಿಲ್ಲದೆ. "ನೀನು ಗೆದ್ದು ಬೆಂಗಳೂರಿಗೋಗಿ ಕುಂತ್ಕಂಡ್ರೆ ನಮ್ಮ ಎಂಚು ನೋಡೋರು ಯಾರು? ಶಾಮಣ್ಣೋರು ಇಲ್ಲಿದ್ರೆ ಏಣಿ ಅತ್ತಾರಾ? ಅದ್ಕೇ ಅವ್ರನ್ನ ಕಳಿಸ್ದೋ."

ಇದು ಬೀದಿಯವರೆಲ್ಲ ಸೇರಿ ಮಾಡಿದ ತೀರ್ಮಾನವಂತೆ. ನನ್ನನ್ನು ಅವರು ಕೈಬಿಟ್ಟಿರಲಿಲ್ಲ, ಇಟ್ಟುಕೊಂಡಿದ್ದರು. ಇಂಥ ಸೋಲಿಗೆ ದುಃಖ ಪಡುವುದು ಹೇಗೆಂದು ತಿಳಿಯದೆ, ಅಜ್ಜಿ ಕೊಟ್ಟ ಹಪ್ಪಳದ ಕಟ್ಟು ಹಿಡಿದುಕೊಂಡು ಮನೆಗೆ ಬಂದೆ.

ಕೆಲಸವಿಲ್ಲದ ದಿನಗಳು. ಜಯಮ್ಮನಿಗೆ ದಿನ ತುಂಬುತ್ತ ಬಂದಿತ್ತು. ಒಂದು ಬೆಳಿಗ್ಗೆ ಸ್ಕೂಲಿನ ಹೆಡ್‌ಮಾಸ್ಟರು ಹೇಳಿ ಕಳಿಸಿದರು. ಹೋದರೆ, "ಸೋಮವಾರದಿಂದ ಬನ್ನಿ" ಎಂದರು. ಆಮೇಲೆ ಗೊತ್ತಾಯಿತು, ಶಾಮಣ್ಣನವರು ತಾವಾಗಿಯೇ ಕಮಿಟಿಯವರ ಮನೆಗೆ ಹೋಗಿ, "ಯುವಕರು ಮುಂದೆ ಬನ್ನಿ ಅಂದೋನು ನಾನು. ಬಂದೋನನ್ನ ಬೀದೀಲಿ ನಿಲ್ಲಿಸಿದ್ರೆ ನಂಗೆ ಮರ್ಯಾದೆನಾ?" ಎಂದು ಕೇಳಿದ್ದರಂತೆ. ನಾನು ಕೃತಜ್ಞತೆ ಹೇಳಲು ಹೋದಾಗ ಆ ಮಾತನ್ನೇ ಎತ್ತಗೊಡಲಿಲ್ಲ. ನೀರಿನ ವಿಷಯ ಇನ್ನೊಂದು ಸಲ ವಿವರವಾಗಿ ಹೇಳಿ ಎಂದು ಕೂರಿಸಿಕೊಂಡರು.

ನಮ್ಮ ಮಗಳು ನಡೆಯುವುದನ್ನು ಕಲಿಯುವ ಹೊತ್ತಿಗೆ ಚಾಮರಾಜಪುರಂನ ಹಿಂದಿನ ಬೀದಿಗೆ ಹೊಸ ನಲ್ಲಿ ಬಂತು. ತೆರೆಯುವ ದಿನ ಶಾಮಣ್ಣನವರು ಎಲ್ಲರ ಎದುರು, "ಇದು ಮೇಷ್ಟ್ರು ಕೇಳಿದ ನೀರು. ಅವರೇ ಬಿಡಲಿ" ಎಂದು ನನ್ನನ್ನು ಮುಂದೆ ತಳ್ಳಿದರು. ಇಂಥ ಘಳಿಗೆ ಮತ್ತೆ ಬರುವುದಿಲ್ಲವೆಂದು ನಾನು ಹೊಸ ಪಂಚೆ ಉಟ್ಟು, ನಾಲ್ಕು ಮಾತು ಸಿದ್ಧ ಮಾಡಿಕೊಂಡು ಹೋಗಿದ್ದೆ. ನಲ್ಲಿ ತಿರುಗಿಸಿದೆ. ಮೊದಲು ಬರೀ ಗಾಳಿ ಬುಸುಗುಟ್ಟಿತು. ಆಮೇಲೆ ಕೆಂಪು ನೀರು ಚಿಮ್ಮಿ ಪಂಚೆಯೆಲ್ಲ ಕೆಸರಾಯಿತು. ಅದರ ಹಿಂದೆಯೇ ತಿಳಿಯಾದ ನೀರು ಧಾರೆಯಾಗಿ ಬಿತ್ತು.

ನಾನು ಗಂಟಲು ಸರಿಮಾಡಿಕೊಂಡು, "ಮಹಾಜನರೇ" ಎಂದೆ.

"ಸ್ವಲ್ಪ ಅತ್ಲಾಗೆ ಸರ್ಕೊಳ್ಳಿ ಮೇಷ್ಟ್ರೇ, ನೀರು ಪೋಲಾಯ್ತದೆ" ಎಂದು ಒಬ್ಬಾಕೆ ಕೊಡ ಇಟ್ಟಳು. ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಮಗುವನ್ನು ಸೊಂಟದಲ್ಲಿ ಎತ್ತಿಕೊಂಡು ಜಯಮ್ಮ.

ನಾನು ಸರಿದುಕೊಂಡೆ.